ಓದುಗರ ಪ್ರಶ್ನೆ, ಪಶುವೈದ್ಯರ ಉತ್ತರ: ವಯಸ್ಸಾದ ಬೆಕ್ಕಿಗೆ ಎಲ್ಲಿಯವರೆಗೆ ಚಿಕಿತ್ಸೆ?

ಪ್ರಶ್ನೆ: ಮಾನ್ಯ ಡಾಕ್ಟರಿಗೆ ನಮಸ್ಕಾರಗಳು. ನಾನು ಚಿಕ್ಕಮಗಳೂರು ಜಿಲ್ಲೆಯ ಆಲ್ದೂರು ಸಮೀಪದ ಒಂದು ತೋಟದ ಮನೆಯವಳು, ನಿವೃತ್ತ ಶಾಲಾ ಶಿಕ್ಷಕಿ. ನಮ್ಮ ಮನೆಯ ಬೆಕ್ಕು ಬೆಳ್ಳಿಗೆ ಈಗ 14 ವರ್ಷ. ನಿಜ ಹೇಳಬೇಕೆಂದರೆ ಅದು ನನ್ನ ಬೆಕ್ಕಲ್ಲ, ನಮ್ಮ ಅತ್ತೆಯವರದು. ಕಾಫಿ ಮೂಟೆಗಳ ಸಂದಿಯಲ್ಲಿ ತಾಯಿ ಬಿಟ್ಟುಹೋಗಿದ್ದ ಮರಿಯನ್ನು ತಂದು, ಇಂಕ್ ಫಿಲ್ಲರಿನಲ್ಲಿ ಹಾಲು ಕುಡಿಸಿ ಉಳಿಸಿದವರು ಅವರು. ಎರಡು ವರ್ಷದ ಹಿಂದೆ ಅತ್ತೆ ತೀರಿಕೊಂಡರು. ಆಸ್ಪತ್ರೆಗೆ ಹೊರಡುವಾಗ ಕಾರಿನೊಳಗಿಂದ ನನಗೆ ಹೇಳಿದ್ದು "ಬೆಳ್ಳಿನ ನೋಡ್ಕೊಳೇ" ಎಂಬ ಒಂದೇ ಮಾತು.

ಆರು ತಿಂಗಳಿಂದ ಬೆಳ್ಳಿ ಬಹಳ ನೀರು ಕುಡಿಯುತ್ತಿತ್ತು. ವಯಸ್ಸಾಯಿತು ಎಂದುಕೊಂಡು ಸುಮ್ಮನಿದ್ದೆವು. ಕಳೆದ ವರ್ಷ 3.9 ಕೆಜಿ ಇದ್ದದ್ದು ಈಗ 2.6 ಕೆಜಿ. ನಾಲ್ಕು ದಿನದಿಂದ ಏನೂ ತಿಂದಿಲ್ಲ, ದಿನಕ್ಕೆ ಎರಡು ಮೂರು ಸಲ ವಾಂತಿ. ಎರಡು ದಿನದಿಂದ ಕತ್ತು ಎತ್ತುತ್ತಿಲ್ಲ, ಬಚ್ಚಲ ಒಲೆಯ ಪಕ್ಕ ಗಲ್ಲವನ್ನು ನೆಲಕ್ಕಿಟ್ಟು ಕೂತಿರುತ್ತದೆ. ಪೇಟೆಯ ವೈದ್ಯರು ರಕ್ತ ಪರೀಕ್ಷೆ ಮಾಡಿಸಿದರು. ಮೂತ್ರಪಿಂಡ ಸೋಸಿ ಹೊರಹಾಕಬೇಕಾದ ಕ್ರಿಯಾಟಿನಿನ್ ಎಂಬ ಕಶ್ಮಲ ರಕ್ತದಲ್ಲಿ 7.2 ಬಂದಿದೆ, ಯೂರಿಯಾ ಮತ್ತು ರಂಜಕವೂ ಜಾಸ್ತಿ ಇವೆಯಂತೆ, ರಕ್ತಹೀನತೆಯೂ ಇದೆಯಂತೆ. ಎರಡು ದಿನ ಚರ್ಮದಡಿ ಸಲೈನ್ ಕೊಟ್ಟರು. ಹಾಸನಕ್ಕೋ ಬೆಂಗಳೂರಿಗೋ ಕರೆದೊಯ್ದು ಮೂರು ನಾಲ್ಕು ದಿನ ದಾಖಲು ಮಾಡಿ ಡ್ರಿಪ್ ಹಾಕಿಸಿ, ಆಗದಿದ್ದರೆ ಮನೆಯಲ್ಲೇ ನೆಮ್ಮದಿಯಾಗಿಡಿ ಎಂದಿದ್ದಾರೆ.

ಬೆಂಗಳೂರಿನಲ್ಲಿರುವ ಮಗ "ಅಮ್ಮಾ, ಖರ್ಚು ನನ್ನದು, ಇವತ್ತೇ ಕರೆದುಕೊಂಡು ಬನ್ನಿ" ಎನ್ನುತ್ತಾನೆ. ನಮ್ಮ ಯಜಮಾನರು "ಅಮ್ಮನನ್ನು ಹನ್ನೊಂದು ದಿನ ಐಸಿಯುನಲ್ಲಿ ಮಲಗಿಸಿ ಏನು ಸಾಧಿಸಿದೆವು, ಅದನ್ನೇ ಬೆಕ್ಕಿಗೂ ಮಾಡಬೇಡ" ಎನ್ನುತ್ತಾರೆ. ಕತ್ತು ಬಿದ್ದ ಬೆಕ್ಕು ಉಳಿಯುವುದಿಲ್ಲ ಎಂದು ತೋಟದ ಕೆಲಸದ ಹೆಂಗಸರೂ ಹೇಳುತ್ತಿದ್ದಾರೆ. ನನಗೆ ಇಬ್ಬರ ಮಾತೂ ಸರಿಯೆನಿಸುತ್ತದೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರ ಅಚ್ಚಾಗುವವರೆಗೆ ಕಾಯುವಂಥದ್ದಾಗಿರಲಿಲ್ಲವಾದ್ದರಿಂದ ಅದು ಕೈಸೇರಿದ ದಿನವೇ ನಿಮ್ಮೊಡನೆ ದೂರವಾಣಿಯಲ್ಲಿ ಮಾತನಾಡಿದೆ. ಇದೇ ಇಕ್ಕಟ್ಟಿನಲ್ಲಿರುವ ಬೇರೆ ಓದುಗರಿಗೂ ಬೇಕಾದೀತೆಂದು, ಆಗ ಆತುರದಲ್ಲಿ ಹೇಳಿದ್ದನ್ನು ನಿಮ್ಮ ಒಪ್ಪಿಗೆ ಪಡೆದು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಆ ಕತ್ತಿನ ವಿಷಯ, ಏಕೆಂದರೆ ನಿಮ್ಮ ಮನೆಯಲ್ಲಿ ಎಲ್ಲರೂ ಅದನ್ನು ಸಾವಿನ ಗುರುತೆಂದು ಓದಿಕೊಂಡಿದ್ದೀರಿ. ಮೂತ್ರಪಿಂಡ ಸೋತ ಬೆಕ್ಕು ಅತಿಯಾಗಿ ಮೂತ್ರ ಮಾಡುವಾಗ ದೇಹದ ಪೊಟ್ಯಾಸಿಯಂ ಮೂತ್ರದೊಂದಿಗೆ ಹೊರಹೋಗುತ್ತದೆ. ಊಟ ಬಿಟ್ಟು ವಾಂತಿಯೂ ಶುರುವಾದರೆ ಆ ನಷ್ಟವನ್ನು ತುಂಬಿಕೊಳ್ಳುವ ದಾರಿಯೇ ಇರುವುದಿಲ್ಲ. ಪೊಟ್ಯಾಸಿಯಂ ತೀರ ಕಡಿಮೆಯಾದಾಗ ಸ್ನಾಯುಗಳು ಬಲ ಕಳೆದುಕೊಳ್ಳುತ್ತವೆ, ಬೆಕ್ಕುಗಳಲ್ಲಿ ಅದು ಎದ್ದು ಕಾಣುವುದು ಕತ್ತಿನಲ್ಲಿ. ತಲೆಯನ್ನು ಹೊರಲಾರದೆ ಗಲ್ಲವನ್ನು ಎದೆಗೆ ಒತ್ತಿಕೊಂಡು ಅದು ಕೂರುತ್ತದೆ. ಡ್ರಿಪ್ಪಿನಲ್ಲಿ ಪೊಟ್ಯಾಸಿಯಂ ಕ್ಲೋರೈಡನ್ನು ಅಳೆದು ಸೇರಿಸಿ ನಿಧಾನವಾಗಿ ಕೊಟ್ಟರೆ ಒಂದೆರಡು ದಿನಗಳಲ್ಲಿ ಕತ್ತು ಮೇಲೇಳುವುದನ್ನು ನಾನು ಅನೇಕ ಸಲ ಕಂಡಿದ್ದೇನೆ. ಇದರಿಂದ ಮೂತ್ರಪಿಂಡ ಸರಿಯಾಯಿತೆಂದು ಅರ್ಥವಲ್ಲ. ಆದರೆ ನೋಡಿದವರ ಕರುಳು ಹಿಂಡುವ ಲಕ್ಷಣವೇ ಕೆಲವೊಮ್ಮೆ ಸುಲಭವಾಗಿ ಸರಿಪಡಿಸಬಹುದಾದದ್ದಾಗಿರುತ್ತದೆ. ನಿಮ್ಮ ರಕ್ತದ ವರದಿಯಲ್ಲಿ ಪೊಟ್ಯಾಸಿಯಂ ನೋಡಿಸಿರಲಿಲ್ಲ. ಅದನ್ನು ಮೊದಲು ನೋಡಿಸಿ ಎಂದು ನಾನು ಹೇಳಿದ್ದು ಇದಕ್ಕಾಗಿ.

ಇನ್ನು ಆ 7.2 ಎಂಬ ಅಂಕಿ. ಬೆಕ್ಕಿನ ದೀರ್ಘಕಾಲದ ಮೂತ್ರಪಿಂಡ ಕಾಯಿಲೆಯನ್ನು ಪ್ರಪಂಚದಾದ್ಯಂತ ಪಶುವೈದ್ಯರು ನಾಲ್ಕು ಹಂತಗಳಾಗಿ ವಿಂಗಡಿಸುತ್ತಾರೆ. ರಕ್ತದ ಕ್ರಿಯಾಟಿನಿನ್ ಡೆಸಿಲೀಟರಿಗೆ 1.6 ಮಿಲಿಗ್ರಾಂನಿಂದ 2.8ರವರೆಗೆ ಇದ್ದರೆ ಎರಡನೆಯ ಹಂತ, 2.9ರಿಂದ 5.0ರವರೆಗೆ ಮೂರನೆಯದು, 5.0 ದಾಟಿದರೆ ನಾಲ್ಕನೆಯದು. ಎರಡನೆಯ ಹಂತದಲ್ಲಿ ಗುರುತಿಸಿದ ಬೆಕ್ಕುಗಳು ಪಥ್ಯದ ಮೇಲೆ ವರ್ಷಗಟ್ಟಲೆ ಬದುಕುವುದುಂಟು. ನಾಲ್ಕನೆಯ ಹಂತದಲ್ಲಿ ಲೆಕ್ಕ ಸಾಮಾನ್ಯವಾಗಿ ವಾರಗಳದ್ದು, ಹೆಚ್ಚೆಂದರೆ ಕೆಲವು ತಿಂಗಳುಗಳದ್ದು. ನಿಮ್ಮ ಮಗ ಮೊಬೈಲಿನಲ್ಲಿ ಇದನ್ನು ಓದಿ ಗಾಬರಿಯಾಗಿದ್ದಾನೆಂದು ನೀವು ಹೇಳಿದಿರಿ. ಆದರೆ ಈ ಹಂತಗಳನ್ನು ನಿರ್ಧರಿಸಬೇಕಾದದ್ದು ದೇಹದಲ್ಲಿ ನೀರಿನಂಶ ಸರಿಯಿದ್ದು, ಸ್ಥಿತಿ ಸ್ಥಿರವಾಗಿರುವ ಬೆಕ್ಕಿನಲ್ಲಿ. ನಾಲ್ಕು ದಿನ ಉಪವಾಸವಿದ್ದು ವಾಂತಿ ಮಾಡಿಕೊಂಡು ಒಣಗಿರುವ ಬೆಕ್ಕಿನಲ್ಲಿ ಮೂತ್ರಪಿಂಡಕ್ಕೆ ಹರಿಯುವ ರಕ್ತವೇ ಕಡಿಮೆಯಾಗಿರುತ್ತದೆ, ಅಂಕಿ ಅದರಿಂದಲೂ ಏರಿರುತ್ತದೆ. 7.2ರಲ್ಲಿ ಎಷ್ಟು ಪಾಲು ಹಳೆಯ ಕಾಯಿಲೆಯದು, ಎಷ್ಟು ಪಾಲು ಈ ವಾರದ ನೀರಿನ ಕೊರತೆಯದು ಎಂಬುದು ರಕ್ತನಾಳದ ಮೂಲಕ ದ್ರವ ಕೊಟ್ಟು ಮತ್ತೆ ಅಳೆಯುವವರೆಗೆ ಯಾರಿಗೂ ತಿಳಿಯದು. ನಿಮ್ಮ ಯಜಮಾನರ ಮಾತನ್ನಾಗಲೀ ಮಗನ ಮಾತನ್ನಾಗಲೀ ತೂಗಿ ನೋಡಲು ನಮ್ಮಲ್ಲಿ ಆಗ ತಕ್ಕಡಿಯೇ ಇರಲಿಲ್ಲ.

ತೀವ್ರ ನಿಗಾ ಚಿಕಿತ್ಸೆ ಬೇಕೇ ಬೇಡವೇ ಎಂದು ಕೇಳುವ ಮೊದಲು, ಆ ಚಿಕಿತ್ಸೆಯಿಂದ ಹಿಂದಕ್ಕೆ ತಿರುಗಿಸಬಹುದಾದದ್ದು ಏನಾದರೂ ಇದೆಯೇ ಎಂದು ಕೇಳಬೇಕು. ಸತ್ತ ಮೂತ್ರಪಿಂಡದ ಅಂಶ ಮತ್ತೆ ಹುಟ್ಟುವುದಿಲ್ಲ. ಬೆಕ್ಕಿನ ಮೂತ್ರಪಿಂಡಗಳ ಸುಮಾರು ಮೂರರಲ್ಲಿ ಎರಡು ಪಾಲು ಕೆಟ್ಟಮೇಲೆ ಮೂತ್ರ ತೆಳುವಾಗತೊಡಗುತ್ತದೆ, ನಾಲ್ಕರಲ್ಲಿ ಮೂರು ಪಾಲು ಕೆಟ್ಟಮೇಲೆ ರಕ್ತದಲ್ಲಿ ಕ್ರಿಯಾಟಿನಿನ್ ಏರುತ್ತದೆ. ಆರು ತಿಂಗಳ ನೀರಡಿಕೆ ಬೆಳ್ಳಿಯ ಮೂತ್ರಪಿಂಡ ಅಷ್ಟು ಕಾಲದಿಂದ ಹೇಳುತ್ತಿದ್ದ ದೂರು. (ಮುದಿ ಬೆಕ್ಕು ಹೆಚ್ಚು ನೀರು ಕುಡಿದರೆ ಅದು ವಯಸ್ಸಿನ ಸಹಜ ಗುಣವಲ್ಲ. ಮೂತ್ರಪಿಂಡ, ಸಕ್ಕರೆ ಕಾಯಿಲೆ, ಥೈರಾಯ್ಡ್ ಈ ಮೂರನ್ನೂ ನೋಡಿಸಬೇಕು. ಇದನ್ನು ಓದುತ್ತಿರುವವರ ಮನೆಯಲ್ಲಿ ಹತ್ತು ವರ್ಷ ದಾಟಿದ ಬೆಕ್ಕಿದ್ದರೆ ಈ ವಾರವೇ ಅದರ ನೀರಿನ ಬಟ್ಟಲನ್ನು ಗಮನಿಸಿ.) ಆದರೆ ಹಳೆಯ ಕಾಯಿಲೆಯ ಮೇಲೆ ಹೊಸದೊಂದು ಪೆಟ್ಟು ಬಿದ್ದು ಸ್ಥಿತಿ ದಿಢೀರನೆ ಕೆಟ್ಟಿರುವುದೂ ಸಾಮಾನ್ಯ. ಮೂತ್ರಪಿಂಡಕ್ಕೆ ಬ್ಯಾಕ್ಟೀರಿಯಾ ಸೋಂಕು ತಗಲಿರಬಹುದು, ಮೂತ್ರನಾಳದಲ್ಲಿ ಸಣ್ಣ ಕಲ್ಲು ಸಿಕ್ಕಿಕೊಂಡಿರಬಹುದು, ಯಾರೋ ಕೊಟ್ಟ ನೋವಿನ ಮಾತ್ರೆ ಕಾರಣವಿರಬಹುದು, ಬರೀ ನೀರಿನ ಕೊರತೆಯೇ ಇರಬಹುದು. ಈ ಹೊಸ ಪೆಟ್ಟನ್ನು ಸರಿಪಡಿಸಲು ಸಾಧ್ಯವಿದ್ದರೆ ದಾಖಲಾತಿಗೆ ಅರ್ಥವಿದೆ. ಹೊಸ ಪೆಟ್ಟೇನೂ ಇಲ್ಲದೆ ಹಳೆಯ ಕಾಯಿಲೆಯೇ ತನ್ನ ಕೊನೆಯ ಮನೆ ಮುಟ್ಟಿದ್ದರೆ, ಡ್ರಿಪ್ಪು ಅಂಕಿಯನ್ನು ನಾಲ್ಕು ದಿನ ತಗ್ಗಿಸುತ್ತದೆ, ಐದನೆಯ ದಿನ ಅದು ಮತ್ತೆ ಏರುತ್ತದೆ.

ಇದನ್ನು ತಿಳಿಯಲು ಹೊಟ್ಟೆಯ ಸ್ಕ್ಯಾನಿಂಗ್, ಮೂತ್ರ ಪರೀಕ್ಷೆ ಮತ್ತು ಸಾಧ್ಯವಾದರೆ ಮೂತ್ರದ ಕಲ್ಚರ್ (ಸೋಂಕಿನ ಬ್ಯಾಕ್ಟೀರಿಯಾ ಇದೆಯೇ ಎಂದು ಬೆಳೆಸಿ ನೋಡುವ ಪರೀಕ್ಷೆ) ಬೇಕು, ರಕ್ತದೊತ್ತಡವನ್ನೂ ನೋಡಬೇಕು. ಮೂತ್ರಪಿಂಡದ ಕಾಯಿಲೆಯ ಬೆಕ್ಕುಗಳಲ್ಲಿ ರಕ್ತದೊತ್ತಡ ಏರಿ ಕಣ್ಣಿನ ಪರದೆ ಕಿತ್ತು ರಾತ್ರೋರಾತ್ರಿ ಕುರುಡಾಗುವುದುಂಟು. ಸ್ಕ್ಯಾನಿನಲ್ಲಿ ಎರಡೂ ಮೂತ್ರಪಿಂಡಗಳು ಕುಗ್ಗಿ ಗಂಟುಗಂಟಾಗಿ ಕಂಡರೆ ಅದು ಹಳೆಯ ಕಾಯಿಲೆ. ಒಂದು ಕುಗ್ಗಿ ಇನ್ನೊಂದು ಊದಿಕೊಂಡಿದ್ದರೆ ಕಲ್ಲಿನ ತಡೆಯನ್ನು ಶಂಕಿಸಬೇಕು. ಆಗ ಬರೀ ಡ್ರಿಪ್ಪಿನಿಂದ ಆಗುವ ಕೆಲಸವಲ್ಲ, ಸೂಕ್ಷ್ಮ ಶಸ್ತ್ರಚಿಕಿತ್ಸೆಯ ಪ್ರಶ್ನೆ ಬರುತ್ತದೆ. 14ರ ಬೆಕ್ಕಿಗೆ ನಾನಾದರೆ ಅದನ್ನು ಸುಲಭವಾಗಿ ಸೂಚಿಸುವುದಿಲ್ಲ.

ಹಾಸನವೋ ಬೆಂಗಳೂರೋ ಎಂಬುದಕ್ಕೆ ನಾನು ಹಾಸನ ಎಂದೆ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು 1958ರಷ್ಟು ಹಳೆಯದು, ಅಲ್ಲಿನ ಖಾಸಗಿ ಆಸ್ಪತ್ರೆಗಳಲ್ಲೂ ಉಪಕರಣಗಳಿಗೆ ಕೊರತೆಯಿಲ್ಲ, ನಿಜ. ಆದರೆ ನಿಮ್ಮ ತೋಟದಿಂದ ಅದು ಹೆಚ್ಚುಕಡಿಮೆ ಒಂದಿಡೀ ದಿನದ ಪ್ರಯಾಣ. ಜೀವಮಾನದಲ್ಲಿ ಕಣ ದಾಟಿ ಹೋಗದ ಬೆಕ್ಕಿಗೆ ಕಾರಿನ ಕುಲುಕಾಟ, ಅಪರಿಚಿತ ನಾಯಿಗಳ ಬೊಗಳುವಿಕೆ, ಕಬ್ಬಿಣದ ಪಂಜರ ಇವೆಲ್ಲ ಚಿಕಿತ್ಸೆಯ ವೆಚ್ಚದಲ್ಲೇ ಸೇರುತ್ತವೆ, ಬಿಲ್ಲಿನಲ್ಲಿ ಮಾತ್ರ ಕಾಣುವುದಿಲ್ಲ. ಬೇಲೂರಿನ ಮೇಲೆ ಹಾಸನ ತಲುಪಲು ಎರಡೂವರೆ ಗಂಟೆ ಸಾಕು. ಅಲ್ಲಿ ಪಶುವೈದ್ಯಕೀಯ ಕಾಲೇಜಿಗೆ ಸೇರಿದ ಬೋಧನಾ ಆಸ್ಪತ್ರೆ ಇದೆ. ಹೊರಡುವ ಮುನ್ನ ಫೋನ್ ಮಾಡಿ, ರಾತ್ರಿ ಹೊತ್ತು ಬೆಕ್ಕನ್ನು ನೋಡಿಕೊಳ್ಳುವ ವ್ಯವಸ್ಥೆ ಇದೆಯೇ, ನಾಯಿಗಳಿಂದ ಬೇರೆಯಾಗಿ ಇಡುತ್ತಾರೆಯೇ, ಹಗಲು ಮಾತ್ರ ಡ್ರಿಪ್ ಕೊಟ್ಟು ಸಂಜೆ ಕಳಿಸುವುದಾದರೆ ಹತ್ತಿರದ ಬಂಧುಗಳ ಮನೆಯಲ್ಲಿ ಇಳಿದುಕೊಳ್ಳಬಹುದೇ ಎಂದೆಲ್ಲ ವಿಚಾರಿಸಿಕೊಳ್ಳಬೇಕು. ಇದು ಯಾವ ಆಸ್ಪತ್ರೆಗೂ ಅನ್ವಯಿಸುವ ಮಾತು. ಪ್ರಯಾಣಕ್ಕೆ ಮುಚ್ಚಳವಿರುವ ಬುಟ್ಟಿ, ಅದರೊಳಗೆ ಅತ್ತೆಯವರ ಹಳೆಯ ಸೀರೆ, ಮೇಲೊಂದು ಟವೆಲ್ಲಿನ ಹೊದಿಕೆ ಎಂದು ನಾನು ಹೇಳಿದ್ದು ಭಾವುಕತೆಯಿಂದಲ್ಲ; ಪರಿಚಿತ ವಾಸನೆಯಲ್ಲಿ ಬೆಕ್ಕಿನ ಹೆದರಿಕೆ ನಿಜಕ್ಕೂ ತಗ್ಗುತ್ತದೆ.

ಈಗ ಮುಖ್ಯವಾದ ಸಲಹೆ. ದಾಖಲು ಮಾಡುವುದಾದರೆ ಅದನ್ನು ಗಡುವಿರುವ ಪ್ರಯತ್ನವೆಂದು ಒಪ್ಪಿಕೊಂಡು ಮಾಡಿ. ಗಡುವು 48 ಗಂಟೆ, ತಪ್ಪಿದರೆ 72. ಒಳಗೆ ಹೋಗುವ ಮೊದಲೇ ಏನು ನೋಡಿ ಮುಂದುವರಿಯುತ್ತೇವೆ, ಏನು ನೋಡಿ ನಿಲ್ಲಿಸುತ್ತೇವೆ ಎಂಬುದನ್ನು ವೈದ್ಯರೊಡನೆ ಮಾತನಾಡಿ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ನಿಮ್ಮ ಅತ್ತೆಯವರ ಹನ್ನೊಂದು ದಿನಗಳ ಬಗ್ಗೆ ನನಗೆ ತಿಳಿದಿರುವುದು ನೀವು ಬರೆದಷ್ಟೇ. ಆದರೆ ನಿಮ್ಮ ಯಜಮಾನರ ಮಾತಿನಲ್ಲಿರುವ ನೋವು ಚಿಕಿತ್ಸೆ ಕೊಡಿಸಿದ್ದಕ್ಕಿಂತ ಎಲ್ಲಿ ನಿಲ್ಲಿಸಬೇಕೆಂದು ಯಾರೂ ಯಾರನ್ನೂ ಕೇಳದೆ ಹೋದದ್ದಕ್ಕೆ ಹೆಚ್ಚು ಸೇರಿದ್ದೆಂದು ನನಗೆ ಅನಿಸುತ್ತದೆ. ಇವತ್ತಿಗೆ ಇಷ್ಟು, ನಾಳೆ ನೋಡೋಣ ಎನ್ನುತ್ತ ಹೋದರೆ ಪ್ರತಿ ದಿನವೂ ಇನ್ನೊಂದು ದಿನವನ್ನು ಕೇಳುತ್ತದೆ, ಈಗಾಗಲೇ ಖರ್ಚಾದ ಹಣವೂ ಅದರ ಪರವಾಗಿಯೇ ವಾದಿಸುತ್ತದೆ.

ಚೀಟಿಯಲ್ಲಿ ಏನಿರಬೇಕು? ಮೊದಲನೆಯದು ಮೂತ್ರ. ಡ್ರಿಪ್ ಹಾಕಿ ನೀರಿನ ಕೊರತೆ ತುಂಬಿದ ಮೇಲೂ ಪ್ರತಿ ಕೆಜಿ ತೂಕಕ್ಕೆ ಗಂಟೆಗೆ 1 ಮಿಲಿಲೀಟರಿಗಿಂತ ಕಡಿಮೆ ಮೂತ್ರ ಬಂದರೆ ಅದು ಕೆಟ್ಟ ಸೂಚನೆ. 2.6 ಕೆಜಿಯ ಬೆಳ್ಳಿಗೆ ಅದು ದಿನಕ್ಕೆ 60 ಮಿಲಿಲೀಟರಿನಷ್ಟು ಆಗುತ್ತದೆ. ಎರಡನೆಯದು ಕ್ರಿಯಾಟಿನಿನ್. 48 ಗಂಟೆಗಳಲ್ಲಿ ಅದು ಸ್ಪಷ್ಟವಾಗಿ ಇಳಿಯಬೇಕು. 7.2 ಇದ್ದದ್ದು 6.9 ಆದರೆ ಅದನ್ನು ನಾನು ಇಳಿಕೆ ಎನ್ನುವುದಿಲ್ಲ. ಮೂರನೆಯದು ಉಸಿರು. ವಯಸ್ಸಾದ ಬೆಕ್ಕುಗಳಲ್ಲಿ ಹೊರಗೆ ಕಾಣದ ಹೃದಯದ ಕಾಯಿಲೆ ಇರುವುದುಂಟು. ಅಂಥವಕ್ಕೆ ಡ್ರಿಪ್ ಹೆಚ್ಚಾದರೆ ಎದೆಯಲ್ಲಿ ನೀರು ತುಂಬುತ್ತದೆ. ಮಲಗಿ ನಿದ್ರಿಸುವಾಗ ನಿಮಿಷಕ್ಕೆ 30ಕ್ಕಿಂತ ಹೆಚ್ಚು ಉಸಿರಾಡುತ್ತಿದ್ದರೆ ತಕ್ಷಣ ದ್ರವ ತಗ್ಗಿಸಬೇಕು. ದಿನಕ್ಕೆರಡು ಬಾರಿ ತೂಕ ನೋಡುವುದೂ ಇದಕ್ಕಾಗಿಯೇ. ನಾಲ್ಕನೆಯದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು, ಬೆಕ್ಕಿನ ವರ್ತನೆ. ವಾಂತಿಯ ಮತ್ತು ಹಸಿವಿನ ಔಷಧಗಳನ್ನು ಕೊಟ್ಟಮೇಲೂ ಮೂರನೆಯ ದಿನ ತಾನಾಗಿ ತುತ್ತು ಮೂಸದೆ, ಮೈ ನೆಕ್ಕಿಕೊಳ್ಳದೆ, ನಿಮ್ಮ ಧ್ವನಿಗೆ ಕಿವಿ ತಿರುಗಿಸದೆ ಇದ್ದರೆ ಅಂಕಿ ಎಷ್ಟೇ ಚೆಂದ ಇಳಿದಿರಲಿ, ಚಿಕಿತ್ಸೆ ಬೆಕ್ಕನ್ನು ಮುಟ್ಟಿಲ್ಲ.

ಬೆಕ್ಕಿನ ನೋವನ್ನು ಓದುವುದು ಹೇಗೆಂದು ನೀವು ಫೋನಿನಲ್ಲಿ ಕೇಳಿದಿರಿ. ಗುರುಗುಟ್ಟುತ್ತಿದೆ, ಆದ್ದರಿಂದ ಸುಖವಾಗಿದೆ ಎಂದು ತಿಳಿಯಬೇಡಿ. ನೋವಿನಲ್ಲೂ ಸಾಯುವ ಹೊತ್ತಿನಲ್ಲೂ ಬೆಕ್ಕು ಗುರುಗುಟ್ಟುತ್ತದೆ. ಕೆನಡಾದ ಮಾಂಟ್ರಿಯಲ್ ವಿಶ್ವವಿದ್ಯಾಲಯದವರು 2019ರಲ್ಲಿ ಪ್ರಕಟಿಸಿದ ಅಳತೆಗೋಲೊಂದು ಬೆಕ್ಕಿನ ಮುಖದಲ್ಲಿ ಐದು ಗುರುತುಗಳನ್ನು ನೋಡುತ್ತದೆ. ಕಿವಿಗಳು ಹೊರಮುಖವಾಗಿ ತಿರುಗಿ ಚಪ್ಪಟೆಯಾಗುವುದು, ಕಣ್ಣು ಕಿರಿದಾಗುವುದು, ಮೂತಿ ಬಿಗಿಯುವುದು, ಮೀಸೆಗಳು ನೆಟ್ಟಗೆ ಮುಂದಕ್ಕೆ ಚಾಚುವುದು, ತಲೆ ಭುಜಕ್ಕಿಂತ ಕೆಳಗಿಳಿಯುವುದು. ಬೆಳ್ಳಿಯಲ್ಲಿ ಕೊನೆಯದು ಪೊಟ್ಯಾಸಿಯಂನಿಂದಲೂ ಆಗಿರಬಹುದಾದ್ದರಿಂದ ಉಳಿದ ನಾಲ್ಕನ್ನು ನೋಡಿ ಎಂದೆ. ಮನೆಗೆ ಬಂದಮೇಲೆ ಗೋಡೆಯ ಕ್ಯಾಲೆಂಡರಿನಲ್ಲಿ ಪ್ರತಿ ರಾತ್ರಿ ಆ ದಿನದ ಚೌಕಕ್ಕೆ ಒಳ್ಳೆಯ ದಿನವೋ ಕೆಟ್ಟ ದಿನವೋ ಎಂದು ಒಂದು ಗುರುತು ಹಾಕಿ. ದಿನವೂ ನೋಡುವವರಿಗೆ ಇಳಿಜಾರು ಕಾಣುವುದಿಲ್ಲ, ಎರಡು ವಾರದ ಗುರುತುಗಳನ್ನು ಒಟ್ಟಿಗೆ ನೋಡಿದಾಗ ಕಾಣುತ್ತದೆ.

ಇನ್ನೂ ಮುಂದಿನ ಚಿಕಿತ್ಸೆಗಳ ಪಟ್ಟಿ ಆಸ್ಪತ್ರೆಯಲ್ಲಿ ನಿಮ್ಮ ಮುಂದೆ ಬರಬಹುದು. ರಕ್ತ ಕೊಡುವುದು ಅದರಲ್ಲೊಂದು. ಬೆಕ್ಕುಗಳಿಗೂ ಎ, ಬಿ, ಎಬಿ ಎಂಬ ರಕ್ತದ ಗುಂಪುಗಳಿವೆ. ಬಿ ಗುಂಪಿನ ಬೆಕ್ಕಿಗೆ ಎ ರಕ್ತ ಕೊಟ್ಟರೆ ಮೊದಲ ಸಲವೇ ಪ್ರಾಣ ಹೋಗಬಹುದಾದ್ದರಿಂದ ಗುಂಪು ನೋಡದೆ ಕೊಡುವಂತಿಲ್ಲ. ಕುತ್ತಿಗೆಯ ಪಕ್ಕದಿಂದ ಅನ್ನನಾಳಕ್ಕೆ ಆಹಾರದ ನಳಿಕೆ ಇಡುವುದು ನೋಡಲು ಕ್ರೂರವೆನಿಸಿದರೂ ನಿಜಕ್ಕೂ ಬೆಕ್ಕುಗಳು ಅದನ್ನು ಚೆನ್ನಾಗಿ ಸಹಿಸುತ್ತವೆ. ಹಲವು ದಿನ ಊಟ ಬಿಟ್ಟ ಬೆಕ್ಕಿನ ಯಕೃತ್ತಿನಲ್ಲಿ ಕೊಬ್ಬು ತುಂಬಿ ಎರಡನೆಯ ಕಾಯಿಲೆ ಶುರುವಾಗುತ್ತದಾದ್ದರಿಂದ, ಉಳಿಯುವ ಲಕ್ಷಣವಿರುವ ಬೆಕ್ಕಿಗೆ ನಾನು ಅದನ್ನು ಒಪ್ಪುತ್ತೇನೆ. ಬಾಯಿಗೆ ಸಿರಿಂಜಿನಿಂದ ಒತ್ತಾಯದ ಊಟ ತುರುಕುವುದನ್ನು ಒಪ್ಪುವುದಿಲ್ಲ. ಅದರಿಂದ ಊಟದ ಮೇಲೆಯೇ ಅಸಹ್ಯ ಹುಟ್ಟುತ್ತದೆ, ಶ್ವಾಸಕೋಶಕ್ಕೂ ಇಳಿಯಬಹುದು. ಡಯಾಲಿಸಿಸ್ ಮಾತು ನಿಮ್ಮ ಮಗ ಎತ್ತಿದರೆ ಬೇಡವೆಂದು ಹೇಳಿ. ಹಳೆಯ ಕಾಯಿಲೆಯ ಮುದಿ ಬೆಕ್ಕಿಗೆ ಅದು ಸಲ್ಲುವುದಿಲ್ಲ.

ನಾನು ವೃತ್ತಿಗೆ ಸೇರಿದ ಹೊಸತರಲ್ಲಿ ಒಂದು ಮುದಿ ಬೆಕ್ಕನ್ನು ಒಂಬತ್ತು ದಿನ ಡ್ರಿಪ್ಪಿನಲ್ಲಿಟ್ಟಿದ್ದೆ. ನಾಲ್ಕನೆಯ ದಿನವೇ ನನಗೆ ತಿಳಿದಿತ್ತು. ಆದರೆ ಆ ಮನೆಯ ಅಜ್ಜ ಪ್ರತಿ ಬೆಳಗ್ಗೆ ಫ್ಲಾಸ್ಕಿನಲ್ಲಿ ನನಗೂ ಕಾಫಿ ತರುತ್ತಿದ್ದರು, ಅವರ ಮುಂದೆ ಆ ಮಾತನ್ನು ಆಡುವ ಧೈರ್ಯ ನನಗಾಗಲಿಲ್ಲ. ಉಳಿದ ಐದು ದಿನಗಳನ್ನು ಆ ಬೆಕ್ಕು ಅನುಭವಿಸಿದ್ದು ನನ್ನ ಸಂಕೋಚಕ್ಕಾಗಿ. ನಿಮ್ಮ ವೈದ್ಯರು ತಾವಾಗಿ ಹೇಳದಿದ್ದರೆ ನೀವೇ ಕೇಳಿ: "ಇದು ನಿಮ್ಮ ಮನೆಯ ಬೆಕ್ಕಾಗಿದ್ದರೆ ಏನು ಮಾಡುತ್ತಿದ್ದಿರಿ?" ಬಹುತೇಕ ವೈದ್ಯರು ಈ ಪ್ರಶ್ನೆಗೆ ಸುಳ್ಳು ಹೇಳುವುದಿಲ್ಲ. ಖರ್ಚಿನ ಅಂದಾಜನ್ನೂ ಅದೇ ಹೊತ್ತಿಗೆ ದಿನವಾರು ಕೇಳಿ ಬರೆಸಿಕೊಳ್ಳಿ. ಹಣದ ಮಾತು ಎತ್ತಿದರೆ ಪ್ರೀತಿ ಕಡಿಮೆ ಎಂದು ಯಾರಾದರೂ ತಿಳಿದಾರೆಂಬ ಅಳುಕು ಬೇಡ.

ಹಾಗಾದರೆ "ಬೆಳ್ಳಿನ ನೋಡ್ಕೊಳೇ" ಎಂಬ ಮಾತು? ಫೋನಿನಲ್ಲಿ ನೀವು ಮೂರು ಸಲ ಅದಕ್ಕೇ ಮರಳಿದಿರಿ. ಅತ್ತೆಯವರು ನೋಡಿಕೊ ಎಂದರೇ ಹೊರತು ಸಾಯಲು ಬಿಡಬೇಡ ಎನ್ನಲಿಲ್ಲ. ಫಿಲ್ಲರಿನಲ್ಲಿ ಹಾಲು ಕುಡಿಸಿದವರಿಗೆ ಈ ಎರಡರ ವ್ಯತ್ಯಾಸ ಗೊತ್ತಿದ್ದಿರಬೇಕು. ಆಸ್ಪತ್ರೆಗೆ ಒಯ್ಯುವುದು ಹೇಗೆ ನೋಡಿಕೊಳ್ಳುವುದೋ, ವಾಂತಿ ನಿಲ್ಲಿಸುವ ಚುಚ್ಚುಮದ್ದು ಹಾಕಿಸಿ ಒಲೆಯ ಬೆಚ್ಚಗಿನ ಮೂಲೆಯಲ್ಲಿ ಮಲಗಿಸುವುದೂ ಹಾಗೆಯೇ ನೋಡಿಕೊಳ್ಳುವುದು. ದಾಖಲು ಮಾಡದೆ ಮನೆಗೆ ಒಯ್ಯುವವರು ಚಿಕಿತ್ಸೆ ಬಿಟ್ಟವರಲ್ಲ. ಉಪಶಮನವೂ ಚಿಕಿತ್ಸೆಯೇ, ಅದಕ್ಕೂ ಔಷಧಗಳಿವೆ, ವೈದ್ಯರ ಭೇಟಿಗಳಿವೆ.

ಈ ಅಂಕಣ ಅಚ್ಚಿಗೆ ಹೋಗುವ ಮೊದಲು ನೀವು ತಿಳಿಸಿದ ಪ್ರಕಾರ, ಹಾಸನದಲ್ಲಿ ಬೆಳ್ಳಿಯ ಪೊಟ್ಯಾಸಿಯಂ ಕಡಿಮೆ ಇದ್ದದ್ದು ಗೊತ್ತಾಗಿ ಎರಡನೆಯ ದಿನ ಸಂಜೆ ಕತ್ತು ಎತ್ತಿತು, ಸ್ಕ್ಯಾನಿನಲ್ಲಿ ಕಲ್ಲು ಕಾಣಲಿಲ್ಲ, 48 ಗಂಟೆಗೆ ಕ್ರಿಯಾಟಿನಿನ್ 4.4ಕ್ಕೆ ಇಳಿಯಿತು, ಮೂರನೆಯ ದಿನ ಮನೆಗೆ ಬಂದು ಅರ್ಧ ಭೂತಾಯಿ ಮೀನು ತಿಂದಿತು. ಸಂತೋಷ. ಆದರೆ ಮೂತ್ರಪಿಂಡದ ಕಾಯಿಲೆ ಹೋಗಿಲ್ಲ, ಈಗಲೂ ಅದು ಮೂರನೆಯ ಹಂತದ ಮೇಲ್ತುದಿಯಲ್ಲಿದೆ. ಮೀನು ಮಾಂಸದ ರಂಜಕವೇ ಇನ್ನು ಮುಂದಿನ ಶತ್ರುವಾದ್ದರಿಂದ ಮೂತ್ರಪಿಂಡದ ಪಥ್ಯದ ಆಹಾರವನ್ನು ಹತ್ತು ಹದಿನೈದು ದಿನಗಳಲ್ಲಿ ನಿಧಾನವಾಗಿ ಬೆರೆಸುತ್ತ ರೂಢಿಸಿ. ಅದು ಒಲ್ಲೆನೆಂದರೆ ಹಟ ಹಿಡಿಯಬೇಡಿ, ಪಥ್ಯದ ಉಪವಾಸಕ್ಕಿಂತ ಅಪಥ್ಯದ ಊಟ ಮೇಲು. ಈ ಕಾಯಿಲೆ ಮತ್ತೊಮ್ಮೆ ಹೀಗೆಯೇ ಉಲ್ಬಣಿಸುತ್ತದೆ. ಆಗ ಎರಡನೆಯ ಬಾರಿ ದಾಖಲು ಮಾಡುತ್ತೀರೋ ಇಲ್ಲವೋ ಎಂಬುದನ್ನು ಬೆಳ್ಳಿ ಚೆನ್ನಾಗಿರುವ ಈ ದಿನಗಳಲ್ಲೇ ನೀವು ಮೂವರೂ ಕೂತು ಮಾತನಾಡಿ, ಮಗನನ್ನು ಫೋನಿನಲ್ಲಾದರೂ ಸೇರಿಸಿಕೊಂಡು. ನನ್ನನ್ನು ಕೇಳಿದರೆ ಎರಡನೆಯ ಸಲ ಬೇಡ.

ಪ್ರಶ್ನೆ: ನಮ್ಮ 12 ವರ್ಷದ ಗಂಡು ಬೆಕ್ಕಿಗೂ ಮೂತ್ರಪಿಂಡದ ತೊಂದರೆಯಿದೆ. ಮನೆಯಲ್ಲೇ ಚರ್ಮದಡಿ ಸಲೈನ್ ಕೊಡುವುದನ್ನು ಕಲಿಯಿರಿ ಎನ್ನುತ್ತಾರೆ ವೈದ್ಯರು. ನನಗೆ ಸೂಜಿ ಕಂಡರೆ ಕೈ ನಡುಗುತ್ತದೆ. ಕಲಿಯಲೇಬೇಕೇ? – ಓದುಗರೊಬ್ಬರು, ಹಾಸನ

ಉತ್ತರ: ಕಲಿಯಬಹುದು, ಕಲಿಯಲೇಬೇಕೆಂದಿಲ್ಲ. ಹೆಗಲ ನಡುವಿನ ಸಡಿಲ ಚರ್ಮವನ್ನು ಗುಡಾರದಂತೆ ಎತ್ತಿ ಸೂಜಿ ಚುಚ್ಚಿದರೆ 100 ಮಿಲಿಲೀಟರಿನಷ್ಟು ದ್ರವ ಐದಾರು ನಿಮಿಷದಲ್ಲಿ ಇಳಿಯುತ್ತದೆ. ಅಲ್ಲಿ ನಿಂಬೆಹಣ್ಣಿನಂತೆ ಉಬ್ಬಿದ್ದು ಕೆಲವು ಗಂಟೆಗಳಲ್ಲಿ ಕರಗುತ್ತದೆ. ಬಾಟಲಿಯನ್ನು ಬಿಸಿನೀರಿನಲ್ಲಿಟ್ಟು ಮೈ ಬಿಸಿಗೆ ತಂದುಕೊಂಡರೆ ಬೆಕ್ಕು ಅಷ್ಟಾಗಿ ಕೊಸರುವುದಿಲ್ಲ. ಎಷ್ಟು, ವಾರಕ್ಕೆಷ್ಟು ಸಲ ಎಂಬುದು ವೈದ್ಯರ ಲೆಕ್ಕ. ಹೃದಯದ ತೊಂದರೆ ಇಲ್ಲವೆಂದು ಖಚಿತಪಡಿಸಿಕೊಂಡ ಮೇಲಷ್ಟೇ. ಗ್ಲೂಕೋಸಿನ ಬಾಟಲಿಯನ್ನು ಮಾತ್ರ ಚರ್ಮದಡಿ ಕೊಡಬೇಡಿ. ಒಂದು ವಾರ ಪ್ರಯತ್ನಿಸಿದ ಮೇಲೂ ನಿಮ್ಮನ್ನು ಕಂಡರೆ ಬೆಕ್ಕು ಮಂಚದಡಿ ಓಡುವಂತಾದರೆ ನಿಲ್ಲಿಸಿ, ಹತ್ತಿರದ ಕ್ಲಿನಿಕ್ಕಿನಲ್ಲಿ ಹಾಕಿಸಿ.

ಪ್ರಶ್ನೆ: ಮೈ ಬಿಸಿಯಿದೆಯೆಂದು ನಮ್ಮ ಮನೆಯವರು ಹತ್ತು ವರ್ಷದ ಬೆಕ್ಕಿಗೆ ಅರ್ಧ ಪ್ಯಾರಾಸಿಟಮಾಲ್ ಮಾತ್ರೆ ಕೊಟ್ಟರು. ಮುಖ ಊದಿಕೊಂಡಿತು, ಸಂಜೆಗೆ ಸತ್ತೇಹೋಯಿತು. ಮುದಿ ಬೆಕ್ಕಿಗೆ ಐಸಿಯು ಬೇಡವೆಂದು ನಾವು ಕರೆದೊಯ್ಯಲಿಲ್ಲ. ತಪ್ಪಾಯಿತೇ? – ಬೇಲೂರು

ಉತ್ತರ: ಪ್ಯಾರಾಸಿಟಮಾಲನ್ನು ಒಡೆದು ಹೊರಹಾಕುವ ಕಿಣ್ವದ ವ್ಯವಸ್ಥೆ ಬೆಕ್ಕಿನ ಯಕೃತ್ತಿನಲ್ಲಿ ತೀರ ದುರ್ಬಲ. 500 ಮಿಲಿಗ್ರಾಮಿನ ಅರ್ಧ ಮಾತ್ರೆಯೂ ಅದಕ್ಕೆ ಪ್ರಾಣಾಂತಕ. ರಕ್ತ ಆಮ್ಲಜನಕವನ್ನು ಹೊರಲಾರದಂತಾಗುತ್ತದೆ, ವಸಡು ಕಂದು ನೀಲಿಗೆ ತಿರುಗುತ್ತದೆ, ಮುಖ ಪಾದಗಳು ಊದುತ್ತವೆ. ಆದರೆ ಇದಕ್ಕೆ ಅಸಿಟೈಲ್‌ಸಿಸ್ಟೀನ್ ಎಂಬ ಪ್ರತಿವಿಷವಿದೆ, ಮೊದಲ ಗಂಟೆಗಳಲ್ಲೇ ಕೊಟ್ಟರೆ ಉಳಿಯುವ ಸಾಧ್ಯತೆ ಗಣನೀಯ. ಮೇಲಿನ ಉತ್ತರದಲ್ಲಿ ಹೇಳಿದ ಅದೇ ಪ್ರಶ್ನೆಯನ್ನು ಇಲ್ಲಿ ಹಾಕಿ ನೋಡಿ: ಹಿಂದಕ್ಕೆ ತಿರುಗಿಸಬಹುದಾದದ್ದು ಇತ್ತು, ಇಲ್ಲಿ ತೀವ್ರ ಚಿಕಿತ್ಸೆ ಬೇಕಿತ್ತು. ವಯಸ್ಸೊಂದನ್ನೇ ನೋಡಿ ನಿರ್ಧರಿಸುವುದು ಸರಿಯಲ್ಲ. ನಿಮಗೆ ಯಾರೂ ಇದನ್ನು ಹೇಳಿರಲಿಲ್ಲ, ಗೊತ್ತಿಲ್ಲದೆ ಆದದ್ದು. ನಿಮ್ಮ ಮನೆಯವರನ್ನು ದೂರಬೇಡಿ.

ಪ್ರಶ್ನೆ: ದಯಾಮರಣ ಕೊಡಿಸುವುದು ಪಾಪವಲ್ಲವೇ? ಕಾನೂನಿನಲ್ಲಿ ಅವಕಾಶವಿದೆಯೇ? ಹೇಗೆ ಮಾಡುತ್ತಾರೆ? – ಸಕಲೇಶಪುರ

ಉತ್ತರ: ಪಾಪ ಪುಣ್ಯದ ತೀರ್ಪು ಕೊಡುವ ಅಧಿಕಾರ ನನಗಿಲ್ಲ. ಅದನ್ನು ಒಪ್ಪದ ಮನೆಯವರ ಬೆಕ್ಕುಗಳನ್ನು ನೋವಿನ ಔಷಧ ಕೊಡುತ್ತ ಕೊನೆಯವರೆಗೆ ನೋಡಿಕೊಂಡಿದ್ದೇನೆ, ಅದೂ ಸಾಧ್ಯ. ಆದರೆ ಮೂತ್ರಪಿಂಡ ಸೋತ ಬೆಕ್ಕಿನ ಸಹಜ ಸಾವು ಶಾಂತವಾದದ್ದೆಂಬ ಭ್ರಮೆ ಬೇಡ: ಬಾಯಿ ಹುಣ್ಣು, ಓಕರಿಕೆ, ಕೊನೆಗೆ ಸೆಳೆತ. 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯ 13ನೇ ಕಲಂ ಕೂಡ, ಪ್ರಾಣಿಯನ್ನು ಬದುಕಿಸಿಡುವುದೇ ಕ್ರೌರ್ಯವಾಗುವ ಸ್ಥಿತಿಯೊಂದು ಇರಬಹುದೆಂದು ಒಪ್ಪಿಕೊಂಡಿದೆ. ಪಶುವೈದ್ಯರು ಪರೀಕ್ಷಿಸಿ, ಮಾಲೀಕರ ಲಿಖಿತ ಒಪ್ಪಿಗೆ ಪಡೆದು ಮಾಡುತ್ತಾರೆ. ಮೊದಲು ಸ್ನಾಯುವಿಗೆ ಮಂಪರಿನ ಚುಚ್ಚುಮದ್ದು. ಹತ್ತು ಹದಿನೈದು ನಿಮಿಷದಲ್ಲಿ ಗಾಢ ನಿದ್ರೆ. ಅನಂತರ ರಕ್ತನಾಳಕ್ಕೆ ಅರಿವಳಿಕೆಯ ಔಷಧ ಮಿತಿಮೀರಿದ ಪ್ರಮಾಣದಲ್ಲಿ. ಉಸಿರು, ಆಮೇಲೆ ಹೃದಯ, ಒಂದೆರಡು ನಿಮಿಷದಲ್ಲಿ ನಿಲ್ಲುತ್ತವೆ. ಕಣ್ಣು ಮುಚ್ಚುವುದಿಲ್ಲ, ಆಮೇಲೂ ಒಂದೆರಡು ಸಲ ಮೈ ಅದುರಬಹುದು, ಮೂತ್ರ ಹೋಗಬಹುದು. ಇದನ್ನು ಮೊದಲೇ ತಿಳಿದಿದ್ದರೆ ನೋಡುವವರಿಗೆ ಆಘಾತವಾಗದು. ಮನೆಗೆ ಬರಲು ಒಪ್ಪುವ ವೈದ್ಯರಿದ್ದರೆ ಮನೆಯಲ್ಲೇ ಮಾಡಿಸಿ, ನಿಮ್ಮ ತೊಡೆಯ ಮೇಲೆ ಮಲಗಿರಲಿ.

ಆ ಔಷಧ ದೇಹದಲ್ಲಿ ಉಳಿದಿರುತ್ತದೆ. ಕಳೇಬರವನ್ನು ತೋಟದಂಚಿಗೆ ಎಸೆದರೆ ಅದನ್ನು ತಿಂದ ನಾಯಿ, ನರಿ, ಹದ್ದುಗಳೂ ಸಾಯುತ್ತವೆ. ಮೂರು ಅಡಿಗಿಂತ ಆಳದ ಗುಂಡಿ ತೆಗೆದು, ಬಾವಿ ತೊರೆಗಳಿಂದ ದೂರದಲ್ಲಿ, ಹತ್ತಿ ಬಟ್ಟೆಯಲ್ಲಿ ಸುತ್ತಿ ಹೂಳಿ, ಮೇಲೆ ಕಲ್ಲು ಹೇರಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಹೂಳಬೇಡಿ.